ನೋಡಲು ಚೆಂದ, ಆಡಲು ಸಮಯವಿಲ್ಲ

ನನ್ನ ಬಳಿಗೆ ಸಲಹೆಗೆಂದು ಬರುವ ಗೇಮ್ ತಂಡಗಳಲ್ಲಿ ಹೆಚ್ಚಿನವು ಶುರುಮಾಡುವುದು ಒಂದೇ ಮಾತಿನಿಂದ: "ಸರ್, ಗ್ರಾಫಿಕ್ಸ್ ಎಲ್ಲ ಮುಗಿದಿದೆ, ಆಟ ಸ್ವಲ್ಪ ಸರಿ ಮಾಡಿಕೊಡಿ." ಆ 'ಸ್ವಲ್ಪ' ಕಿವಿಗೆ ಬಿದ್ದಾಗಲೆಲ್ಲ ನಾನು 'ಶ್ಯಾಡೋ ಆಫ್ ದ ಬೀಸ್ಟ್' ತೆಗೆದು ಕೈಗೆ ಕೊಡುತ್ತೇನೆ. ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಅವರು ಹುಟ್ಟುವುದಕ್ಕೂ ಮೊದಲಿನ ಆಟ ಅದು: ನಾಯಕನೊಬ್ಬ ಪಕ್ಕಕ್ಕೆ ಓಡುತ್ತಾ, ಎದುರು ನುಗ್ಗುವ ಪ್ರಾಣಿಗಳನ್ನು ಗುದ್ದುತ್ತಾ ಸಾಗಬೇಕು.

1989ರಲ್ಲಿ ಅಮಿಗಾ ಕಂಪ್ಯೂಟರಿಗಾಗಿ ರಿಫ್ಲೆಕ್ಷನ್ಸ್ ಎಂಬ ಬ್ರಿಟಿಷ್ ತಂಡ ಅದನ್ನು ತಯಾರಿಸಿತು, ಲಿವರ್‌ಪೂಲಿನ ಸಿಗ್ನೋಸಿಸ್ ಮಾರಿತು. ಪೆಟ್ಟಿಗೆಯ ಮೇಲೆ ರೋಜರ್ ಡೀನ್ ಚಿತ್ರ, ಒಳಗೊಂದು ಟೀ ಶರ್ಟ್, ಬೆಲೆ ಸುಮಾರು 35 ಪೌಂಡ್. ಅಮಿಗಾ 500ರಲ್ಲಿ ಇದ್ದದ್ದು 7 ಮೆಗಾಹರ್ಟ್ಸ್ ಆಸುಪಾಸಿನ ಪ್ರೊಸೆಸರ್, ಅರ್ಧ ಮೆಗಾಬೈಟ್ ಮೆಮೊರಿ. ಮಾಮೂಲಿ ವಿಧಾನದಲ್ಲಿ ಪರದೆಗೆ 32 ಬಣ್ಣ. ಆದರೆ ಕಾಪರ್ ಎಂಬ ಪುಟ್ಟ ಸಹಾಯಕ ಪ್ರೊಸೆಸರ್ ಅದರೊಳಗಿತ್ತು. ಆಗಿನ ಟಿವಿಯಲ್ಲಿ ಚಿತ್ರ ಬಿಡಿಸುವ ಕಿರಣ ಗೆರೆಯಿಂದ ಗೆರೆಗೆ ಇಳಿಯುತ್ತಿರುವಾಗಲೇ ಅದು ಬಣ್ಣಗಳನ್ನು ಬದಲಿಸಬಲ್ಲದು, ಆಯಾ ಪಟ್ಟಿಯ ಸರಿಯುವ ವೇಗವನ್ನೂ ಬದಲಿಸಬಲ್ಲದು. ರಿಫ್ಲೆಕ್ಷನ್ಸ್ ತಂಡ ಇದನ್ನು ಹಿಂಡಿ ರಸ ತೆಗೆಯಿತು. ಬಾನು ಎಳೆಎಳೆಯಾಗಿ ಬಣ್ಣ ಬದಲಿಸುತ್ತದೆ, ಮೋಡ, ಬೆಟ್ಟ, ಹುಲ್ಲು, ಬೇಲಿ ತಮ್ಮ ತಮ್ಮ ವೇಗದಲ್ಲಿ ಸರಿಯುತ್ತವೆ. ಪದರಗಳು 10ಕ್ಕೂ ಹೆಚ್ಚು, ಪರದೆಯ ಚಿತ್ರ ಹೊಸದಾಗುವುದು ಸೆಕೆಂಡಿಗೆ 50 ಸಲ. ಅಂಥ ಒಂದೊಂದು ಚಿತ್ರವೂ ಒಂದು ಫ್ರೇಮ್. ಮೇಲೆ ಡೇವಿಡ್ ವಿಟೇಕರ್ ಸಂಗೀತ. ಕೆಲಸದ ನಡುವೆ ಇವತ್ತಿಗೂ ಅದನ್ನು ಹಾಕಿಕೊಂಡು ಕೂರುತ್ತೇನೆ.

'ಮೇಲೆ ಥಳಕು, ಒಳಗೆ ಹುಳುಕು' ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಳಗಿನ ಎಂಜಿನಿಯರಿಂಗ್ ಅಪ್ಪಟ. ಹುಳುಕು ಇರುವುದು ಆಡುವವನಿಗೂ ಪರದೆಗೂ ನಡುವೆ.

ಎಷ್ಟು ಹೇಳಿದರೂ ನನ್ನ ಗಿರಾಕಿಗಳ ತಲೆಗೆ ಹೋಗದ ವಿಷಯ ಇದೇ. ಚಿತ್ರ ನಯವಾಗಿ ಸರಿಯುವುದೇ ಬೇರೆ, ಆಡುವವನಿಗೆ ಸಮಯ ಸಿಗುವುದೇ ಬೇರೆ. ಲೆಕ್ಕ ಹಾಕೋಣ, ಅಂಕಿಗಳು ವಿವರಣೆಗೆಂದು ನಾನೇ ಇಟ್ಟುಕೊಂಡವು, ಆ ಆಟದಿಂದ ಅಳೆದವಲ್ಲ. ಪರದೆಯ ಅಗಲ 320 ಪಿಕ್ಸೆಲ್, ಅಂದರೆ 320 ಚುಕ್ಕೆ, ನಾಯಕ ನಟ್ಟನಡುವೆ. ಬಲ ಅಂಚಿಗೆ 160. ಪ್ರತಿ ಫ್ರೇಮಿಗೆ 4 ಪಿಕ್ಸೆಲ್ ವೇಗದಲ್ಲಿ ಒಂದು ಪ್ರಾಣಿ ನುಗ್ಗಿದರೆ ತಲುಪಲು 40 ಫ್ರೇಮ್, ಅಂದರೆ 0.8 ಸೆಕೆಂಡ್. ಪರವಾಗಿಲ್ಲ. ಈಗ ನಾಯಕನೂ ಅದೇ ವೇಗದಲ್ಲಿ ಅದರತ್ತ ಓಡಲಿ. ಉಳಿಯಿತು 0.4. ಕಂಡದ್ದಕ್ಕೆ ಬೆರಳು ಸ್ಪಂದಿಸಲು ಮಾತ್ರವೇ ಸಾಮಾನ್ಯ ಮನುಷ್ಯನಿಗೆ ಸುಮಾರು ಕಾಲು ಸೆಕೆಂಡ್ ಬೇಕು. ಹಾರಬೇಕೋ, ಬಗ್ಗಬೇಕೋ, ಗುದ್ದಬೇಕೋ ಎಂದು ನಿರ್ಧರಿಸುವುದು ಯಾವಾಗ? ಓಟದ ವೇಗ ಅಷ್ಟೇ ಇಟ್ಟು, ಸೆಕೆಂಡಿನ ಫ್ರೇಮ್‌ಗಳನ್ನು 50ರಿಂದ 100ಕ್ಕೆ ಏರಿಸಿದರೂ ಆ 0.4 ಸೆಕೆಂಡ್ 0.4 ಆಗಿಯೇ ಇರುತ್ತದೆ. ದಯವಿಟ್ಟು ಈ ವಾಕ್ಯವನ್ನು ಇನ್ನೊಮ್ಮೆ ಓದಿ.

ಹಾಗಾದರೆ ಓಟ ನಿಧಾನ ಮಾಡಬಹುದಿತ್ತಲ್ಲ? ಇಲ್ಲೊಂದು ತೊಡಕಿದೆ, ಇದು ನನ್ನ ಊಹೆ ಎಂದೇ ತಿಳಿಯಿರಿ. ದೂರದ ಬೆಟ್ಟ ಹತ್ತಿರದ ಹುಲ್ಲಿನ ವೇಗದ ಸಣ್ಣದೊಂದು ಭಾಗದಷ್ಟೇ ವೇಗದಲ್ಲಿ ಸರಿಯಬೇಕು. ಅಮಿಗಾದಲ್ಲಿ ಒಂದು ಪಿಕ್ಸೆಲಿಗಿಂತ ಕಡಿಮೆ ಸರಿಸಲಾಗದು. ನಾಯಕ ನಿಧಾನ ನಡೆದರೆ ಬೆಟ್ಟ ಒಂದಷ್ಟು ಫ್ರೇಮ್ ನಿಂತು, ತಟ್ಟನೆ ಒಂದು ಪಿಕ್ಸೆಲ್ ಜಿಗಿದು, ಮತ್ತೆ ನಿಲ್ಲುತ್ತದೆ. ಸೊಗಸೆಲ್ಲ ಹಾಳು. ಹಿನ್ನೆಲೆ ಚೆನ್ನಾಗಿ ಕಾಣಬೇಕೆಂದರೆ ನಾಯಕ ಓಡಲೇಬೇಕು. ಆಟದ ವೇಗವನ್ನು ಗೊತ್ತುಮಾಡಿದ್ದು ಬೆಟ್ಟ. ಇದರ ಮೇಲೆ, ಇರುವುದು 12 ಏಟು ತಡೆಯುವಷ್ಟು ಶಕ್ತಿ. ಅದು ತೀರಿದರೆ ಮೊದಲಿನಿಂದ ಶುರು, ಮತ್ತೆ ಫ್ಲಾಪಿ ಗರಗರ.

"ಅದು ಕಷ್ಟದ ಆಟ ಸರ್, ಅಷ್ಟೇ" ಎಂಬ ವಾದ ಪ್ರತಿ ಸಲವೂ ಬರುತ್ತದೆ. ಎಲ್ಲಿ ಏನು ಬರುತ್ತದೆಂದು ಬಾಯಿಪಾಠ ಮಾಡಿದವನು ಗೆಲ್ಲುತ್ತಾನೆ, ನಿಜ. ಬಾಯಿಪಾಠವನ್ನೇ ಇಷ್ಟಪಡುವವರೂ ಇದ್ದಾರೆ, ಅವರ ಸುದ್ದಿಗೆ ನಾನು ಹೋಗುವುದಿಲ್ಲ. ಆದರೆ ಮೊದಲ ಸಲ ಆಡುವವನು ತಾನು ಯಾಕೆ ಸತ್ತೆನೆಂದು ಹೇಳಲಾರನಾದರೆ ನಾನು ಅದಕ್ಕೆ ಕಷ್ಟ ಎನ್ನುವುದಿಲ್ಲ. ಇದೇ ರಿಫ್ಲೆಕ್ಷನ್ಸ್ 1999ರಲ್ಲಿ 'ಡ್ರೈವರ್' ಮಾಡಿತು. ಅದರಲ್ಲಿ ತಿರುವಿಗೆ ಕಾರು ವಾಲುವುದು ಬೆರಳಿಗೇ ತಿಳಿಯುತ್ತದೆ. ಜಾಣತನಕ್ಕೆ ಕೊರತೆಯಿರಲಿಲ್ಲ ಎಂದಾಯಿತು.

ಕಳೆದ ಮಳೆಗಾಲದಲ್ಲಿ ಬಂದ ತಂಡವೊಂದರ ಮೊಬೈಲ್ ಆಟದಲ್ಲಿ ಮಲೆನಾಡಿನ ಹುಡುಗಿಯೊಬ್ಬಳು ಅಡಿಕೆ ತೋಟದ ನಡುವೆ ಓಡುತ್ತಿದ್ದಳು. ಮಳೆಯೇ ಹಲವು ಪದರ. ನೋಡುತ್ತಾ ಕುಳಿತರೆ ಚಳಿ ಹಿಡಿಯಬೇಕು, ಅಷ್ಟು ಚೆಂದ. ಚಿತ್ರವನ್ನೆಲ್ಲ ತೆಗೆದು ಬೂದು ಚೌಕಗಳನ್ನು ಹಾಕಿ ತನ್ನಿ ಎಂದೆ. ಕಲಾವಿದನ ಮುಖ ಬಾಡಿತು. ಪಾಪ, ಒಳ್ಳೆಯ ಹುಡುಗ. ಚೌಕಗಳ ಆಟವನ್ನು ಅವನ ಕೈಗೇ ಕೊಟ್ಟೆವು. ಕಾಡುಹಂದಿ ಎಂಬ ದೊಡ್ಡ ಚೌಕ ಬಂದು ಗುದ್ದಿತು. ಇನ್ನೊಮ್ಮೆ ಆಡಿದ, ಮತ್ತೆ ಗುದ್ದಿತು. "ಇದು ಕಾಣುವುದೇ ಇಲ್ಲವಲ್ಲ!" ಎಂದು ಅವನೇ ರೇಗಿದ.

ಈಗ ಹುಡುಗಿಯನ್ನು ಪರದೆಯ ಎಡಕ್ಕೆ ಸರಿಸಿದ್ದಾರೆ, ಓಟ ತುಸು ತಗ್ಗಿದೆ, ಹಂದಿ ಕಾಣುವ ಮೊದಲೇ ಗುಟುರು ಕೇಳಿಸುತ್ತದೆ. ಹಿಂದಿನ ಗುಡ್ಡ ತಡವರಿಸುತ್ತಿದೆ ಎಂದು ಕಲಾವಿದ ಮೊನ್ನೆ ಫೋನ್ ಮಾಡಿ ದೂರಿದ. ಇವತ್ತಿನ ಮೊಬೈಲಿನಲ್ಲಿ ಪಿಕ್ಸೆಲಿನ ಕಾಲು ಭಾಗದಷ್ಟೂ ಸರಿಸಬಹುದಪ್ಪ, ಕೋಡ್ ಬರೆಯುವವನನ್ನು ಹಿಡಿ ಎಂದೆ.