ಗುಡುಗುಡಿ ಪಕ್ಕ ಗಿಟಾರ್: ಒಂದು ಮೊದಲ ಆಲ್ಬಮ್‌ನ ಹಿಂದಿನ ಕಥೆ

2009ರ ಮಳೆಗಾಲ ಇರಬೇಕು. ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಬಂದಿದ್ದೆ. ಸಿನಿಮಾ ಹಾಡುಗಳ ಮಧ್ಯೆ ಅಂಗಡಿಯ ಹುಡುಗ ಬೇರೆ ಏನೇನೋ ಸೇರಿಸಿದ್ದ. ಮನೆಯಲ್ಲಿ ಹಚ್ಚಿದರೆ ‘ಸೋರುತಿಹುದು ಮನಿಯ ಮಾಳಿಗಿ’! ಅದೂ ಗಿಟಾರ್, ಡ್ರಮ್ಸ್ ಜೊತೆ. ಅಪ್ಪ ಪೇಪರಿನಿಂದ ತಲೆಯೆತ್ತಿ, “ಇದು ಅಶ್ವತ್ಥ್ ಹಾಡಿದ್ದು ಅಲ್ವಾ? ಯಾರೋ ಇವನು ಕಿರುಚ್ತಿರೋದು?” ಎಂದರು.

ಅವರು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್. ಓದಿದ್ದು ಮೈಕ್ರೋಬಯಾಲಜಿ, ಚಿಕ್ಕಂದಿನಲ್ಲಿ ಕಲಿತಿದ್ದು ಭರತನಾಟ್ಯ. ಗಿಟಾರ್ ಕೈಗೆ ಬಂದಿದ್ದು ಕಾಲೇಜಿನಲ್ಲಿ, ಗೆಳೆಯನ ಮೇಲೆ ಸವಾಲು ಕಟ್ಟಿ. ‘ಅಂತರಾಗ್ನಿ’ ಅವರ ಮೊದಲ ತಂಡ. ಅದು ಚದುರಿದ ಮೇಲೆ ಬಂದಿದ್ದು ‘ರಘು ದೀಕ್ಷಿತ್ ಪ್ರಾಜೆಕ್ಟ್’.

ಆಗ ನಮ್ಮ ಕ್ಯಾಸೆಟ್ ಅಂಗಡಿಗಳಲ್ಲಿ ಸಿನಿಮಾ, ಭಕ್ತಿಗೀತೆ, ಭಾವಗೀತೆ, ಜಾನಪದ ಅಂತ ಸಾಲು ಸಾಲು ಇರುತ್ತಿತ್ತು. ಬ್ಯಾಂಡ್‌ಗೆ ಸಾಲೇ ಇರಲಿಲ್ಲ. ಬೆಂಗಳೂರಿನಲ್ಲಿ 1996ರಿಂದಲೇ ‘ಥರ್ಮಲ್ ಆ್ಯಂಡ್ ಎ ಕ್ವಾರ್ಟರ್’ನಂಥ ತಂಡಗಳಿದ್ದವು, ಆದರೆ ಅವರ ಹಾಡು ಇಂಗ್ಲಿಷಿನದು. ರಘು ಅವರ ಹಾಡುಗಳನ್ನೂ ಕಂಪನಿಗಳು ವರ್ಷಗಟ್ಟಲೆ ಮುಟ್ಟಲಿಲ್ಲ. ಕೊನೆಗೆ ಹಿಂದಿ ಸಿನಿಮಾದ ಸಂಗೀತ ಜೋಡಿ ವಿಶಾಲ್-ಶೇಖರ್ ತಮ್ಮದೇ ಲೇಬಲ್‌ನಿಂದ 2008ರಲ್ಲಿ ಮೊದಲ ಆಲ್ಬಮ್ ಹೊರತಂದರು. ಎಂಟು ಹಾಡು. ಹಿಂದಿ, ಇಂಗ್ಲಿಷ್, ಕನ್ನಡ ಎಲ್ಲ ಕಲಸಿಕೊಂಡಿದೆ. ಇಂಗ್ಲಿಷ್ ಹಾಡುಗಳನ್ನು ನಾನು ಇವತ್ತಿಗೂ ದಾಟಿಸಿ ಮುಂದೆ ಹೋಗುತ್ತೇನೆ. ಜೀವ ಇರುವುದು ಎರಡು ಶರೀಫಜ್ಜನ ಪದಗಳಲ್ಲಿ: ‘ಗುಡುಗುಡಿಯ ಸೇದಿ ನೋಡೋ’ ಮತ್ತು ಈ ಮಾಳಿಗಿ.

ಶಿಶುನಾಳ ಶರೀಫರು (1819–1889) ಈಗಿನ ಹಾವೇರಿ ಜಿಲ್ಲೆಯವರು. ನಮ್ಮ ತಲೆಮಾರಿಗೆ ಅವರನ್ನು ಮುಟ್ಟಿಸಿದ್ದು ಸಿ. ಅಶ್ವತ್ಥ್. ರಘು ಆ ಧಾಟಿ ಬಿಟ್ಟು ತಮ್ಮದೇ ಧಾಟಿ ಹಿಡಿದರು. ಹೊಸದು ಅನ್ನಿಸಿದರೂ ಒಂದು ರೀತಿಯಲ್ಲಿ ಅದು ಹಳೆಯದೇ. ತತ್ವಪದಕ್ಕೆ ಬೇಕಿರುವುದು ಏಕತಾರಿ, ತಾಳ, ಪಲ್ಲವಿ ಬಂದಾಗ ಕೂಡಿ ಹಾಡುವ ನಾಲ್ಕು ಗಂಟಲು. ಒಂದೇ ತಂತಿಯ ಆ ಮೊರೆತದ ಜಾಗದಲ್ಲಿ ಗಿಟಾರ್‌ನ ಎರಡು ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಕೂತಿವೆ, ತಾಳದ ಜಾಗದಲ್ಲಿ ಡ್ರಮ್ಸ್. ಸಾಲುಗಳ ನಡುವೆ ಪಿಟೀಲು ಮಾತಾಡುತ್ತದೆ. ಪಲ್ಲವಿ ಬಂದಾಗ ಜನ ಕೂಗುತ್ತಾರೆ. ಭಜನೆ ಮನೆಯಲ್ಲಿ ಆಗುವುದೂ ಅದೇ ಅಲ್ವಾ?

ಅಂದ ಹಾಗೆ, ಮಾಳಿಗಿ ಎಂದರೆ ಬಯಲುಸೀಮೆಯ ಮಣ್ಣಿನ ಚಪ್ಪಟೆ ಚಾವಣಿ. ನಮ್ಮಲ್ಲಿ ಹೆಂಚು. ಜುಲೈನಲ್ಲಿ ಅದು ಸೋರುವ ರೀತಿಯೇ ಬೇರೆ, ಹನಿ ಎಲ್ಲಿಂದ ಹೊರಟು ಎಲ್ಲಿ ಬೀಳುತ್ತದೆ ಅಂತ ಹುಡುಕುವುದೇ ಅರ್ಧ ದಿನದ ಕೆಲಸ.

ಆಲ್ಬಮ್‌ಗಿಂತ ಜಾಸ್ತಿ ಊರೂರಿಗೆ ಹೋಗಿದ್ದು ಅದೇ 2008ರ ‘ಸೈಕೋ’ ಸಿನಿಮಾದ ಮಹದೇಶ್ವರನ ಹಾಡು. ಅದಕ್ಕೂ ರಘು ಅವರದೇ ಸಂಗೀತ. ಮರುವರ್ಷ ಅವರ ತಮ್ಮ ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’ ತಂಡದ ಮೊದಲ ಆಲ್ಬಮ್ ಬಂತು. ಮೊಬೈಲ್ ಅಂಗಡಿಯವರಿಗೆ ಇಬ್ಬರೂ ‘ದೀಕ್ಷಿತ್ ಸಾಂಗ್ಸ್’, ಒಂದೇ ಫೋಲ್ಡರ್.

ಅವತ್ತು ಹಾಡು ಮುಗಿಯುವ ಹೊತ್ತಿಗೆ ಕರೆಂಟ್ ಹೋಯಿತು. ಅಪ್ಪ ಎದ್ದು ಹೋಗಿ ನಡುಮನೆಯ ಹನಿಗೆ ಬಕೆಟ್ ಇಟ್ಟು ಬಂದರು. “ಇನ್ನೊಂದ್ಸಲ ಹಾಕು. ಪದ ಎಲ್ಲಾದ್ರೂ ತಿಂದಿದ್ದಾನಾ ನೋಡೋಣ.”