ಫೋನಿನ ಮಾತು ಟವರಿಗೆ ಮುಟ್ಟಬೇಕಲ್ಲ!

ಫೋನಿನಲ್ಲಿ ಎರಡು ಕಡ್ಡಿ ಸಿಗ್ನಲ್ ಇರುತ್ತದೆ, ಆದರೂ ಕಾಲ್ ಹೋಗುವುದಿಲ್ಲ. ಮಲೆನಾಡಿನವರಿಗೆ ಇದೇನು ಹೊಸದಲ್ಲ. ಎಲ್ಲರೂ ಬೈಯುವುದು ಟವರನ್ನೇ. ಆದರೆ ಎಷ್ಟೋ ಸಲ ಸೋಲುವುದು ನಮ್ಮ ಕೈಯಲ್ಲಿರುವ ಫೋನು. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಸಿಗ್ನಲ್ ಕಳಿಸುತ್ತದೆ. ಫೋನು ಕಳಿಸುವುದು ಸಾಮಾನ್ಯವಾಗಿ ಹೆಚ್ಚೆಂದರೆ 0.2 ವ್ಯಾಟ್. ಬ್ಯಾಟರಿ ಉಳಿಯಬೇಕು, ತಲೆಗೆ ಜಾಸ್ತಿ ತರಂಗ ತಾಗಲೂಬಾರದು, ಅಲ್ವಾ? ಹಾಗಾಗಿ ದೂರದ ಊರಿನಲ್ಲಿ ಟವರ್ ಹೇಳಿದ್ದು ಫೋನಿಗೆ ಕೇಳಿಸುತ್ತದೆ. ಫೋನ್ ಹೇಳಿದ್ದು ಟವರಿಗೆ ಮುಟ್ಟುವುದಿಲ್ಲ.

5ಜಿ, 6ಜಿ ಅಂದಕೂಡಲೇ ಎಲ್ಲರ ಬಾಯಲ್ಲೂ ವೇಗದ ಲೆಕ್ಕ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು ಅಂಕಿ: 6 ಕಿಲೋಮೀಟರ್.

5ಜಿ ತಂತ್ರಜ್ಞಾನ ಹೇಗಿರಬೇಕು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, ನಿಯಮ ಬರೆಯುತ್ತಿದ್ದ ಕಾಲ. ಹಳ್ಳಿಗಳಿಗೆಂದು ಇಟ್ಟ ಪರೀಕ್ಷೆಯಲ್ಲಿ ಟವರುಗಳ ನಡುವಿನ ದೂರ ಸುಮಾರು 1.7 ಕಿಲೋಮೀಟರ್. ನಮ್ಮ ಯಾವ ಹಳ್ಳಿಯಲ್ಲಿ ಅಷ್ಟು ಹತ್ತಿರ ಟವರ್ ಹಾಕಿದ್ದಾರೆ? ಮದ್ರಾಸ್ ಮತ್ತು ಹೈದರಾಬಾದ್ ಐಐಟಿಗಳ ಎಂಜಿನಿಯರುಗಳು ಸೇರಿದಂತೆ ಭಾರತದವರು ಇದಕ್ಕೆ ಪಟ್ಟು ಹಿಡಿದರು. 2017ರಲ್ಲಿ 6 ಕಿಲೋಮೀಟರ್ ದೂರದ ಪರೀಕ್ಷೆಯೂ ನಿಯಮದೊಳಗೆ ಸೇರಿತು.

ಆ ದೂರ ದಾಟಲು ಅವರು ಕೈ ಹಾಕಿದ್ದು ಫೋನಿನ ಆಂಪ್ಲಿಫೈಯರಿಗೆ, ಅಂದರೆ ಸಿಗ್ನಲ್ಲಿಗೆ ಬಲ ತುಂಬಿ ಕಳಿಸುವ ಭಾಗಕ್ಕೆ. ಸಾಮಾನ್ಯ 5ಜಿ ಅಲೆಯಲ್ಲಿ ಏರಿಳಿತ ಜಾಸ್ತಿ. ಆಗೊಮ್ಮೆ ಈಗೊಮ್ಮೆ ಬರುವ ಎತ್ತರದ ಏರು ಕತ್ತರಿಸಿಹೋದರೆ ಸಂದೇಶವೇ ಕೆಡುತ್ತದೆ. ಅದಕ್ಕೇ ಆಂಪ್ಲಿಫೈಯರನ್ನು ಯಾವಾಗಲೂ ಸ್ವಲ್ಪ ತಗ್ಗಿಸಿಯೇ ಓಡಿಸಬೇಕು. ಇರುವುದೇ 0.2 ವ್ಯಾಟ್, ಅದರಲ್ಲೂ ಕಡಿತ! ಅಲೆಯನ್ನೇ ಹೆಚ್ಚುಕಡಿಮೆ ಸಮತಟ್ಟು ಮಾಡಿಬಿಟ್ಟರೆ ಪೂರ್ತಿ ಶಕ್ತಿ ಬಳಸಬಹುದು. ಪೈ ಬೈ ಟೂ ಬಿಪಿಎಸ್‌ಕೆ ಎಂಬ ವಿಧಾನ ಮಾಡುವುದು ಇದನ್ನೇ. ವೇಗ ಇಳಿಯುತ್ತದೆ, ಇಳಿಯಲಿ. ಕಾಲೇ ಹೋಗದವನಿಗೆ ಗಿಗಾಬಿಟ್ ಕಟ್ಟಿಕೊಂಡು ಏನಾಗಬೇಕು?

ಇದನ್ನೊಳಗೊಂಡ 5ಜಿಐ ಎಂಬ ಭಾರತದ್ದೇ 5ಜಿ ಮಾನದಂಡಕ್ಕೆ 2021ರಲ್ಲಿ ಐಟಿಯು ಒಪ್ಪಿಗೆಯೂ ಸಿಕ್ಕಿತು. ಆದರೆ ಒಂದೇ ದೇಶಕ್ಕೆ ಬೇರೆ ಮಾನದಂಡ ಅಂದರೆ ಫೋನು ದುಬಾರಿಯಾಗುತ್ತದೆ ಎಂದು ಮೊಬೈಲ್ ಕಂಪನಿಗಳು ತಕರಾರು ತೆಗೆದವು. ಕೊನೆಗೆ ಜಾಗತಿಕ ಮಾನದಂಡದ 17ನೇ ಆವೃತ್ತಿಯೊಂದಿಗೆ ಅದನ್ನು ಸೇರಿಸಲಾಯಿತು. ಒಳ್ಳೆಯದೇ ಆಯಿತು ಅನ್ನುತ್ತೇನೆ.

ಈಗ 6ಜಿ ಸರದಿ. 2023ರ ನವೆಂಬರಿನಲ್ಲಿ ಐಟಿಯು ಅದಕ್ಕೆ ಹಾಕಿದ ಚೌಕಟ್ಟಿನಲ್ಲಿ 'ಎಲ್ಲೆಡೆ ಸಂಪರ್ಕ'ವೂ ಒಂದು ಗುರಿ. ಆದರೆ 6ಜಿಗೆ ಕಣ್ಣು ಹಾಕಿರುವ ತರಂಗಗಳಲ್ಲಿ 7 ಗಿಗಾಹರ್ಟ್ಸ್ ಆಸುಪಾಸಿನವೂ ಇವೆ. ಇವು ಕೆಳಗಿನ, ಅಂದರೆ ಕಡಿಮೆ ಹರ್ಟ್ಸ್‌ನ ತರಂಗಗಳಷ್ಟು ಗೋಡೆ, ಮರ ದಾಟುವುದಿಲ್ಲ. ಟವರಿಗೆ ನೂರಾರು ಪುಟ್ಟ ಆಂಟೆನಾ ಜೋಡಿಸಿ ಈ ನಷ್ಟ ತುಂಬಿಕೊಳ್ಳಬಹುದು. ಫೋನಿನಲ್ಲಿ ಅಷ್ಟಕ್ಕೆಲ್ಲ ಜಾಗ ಎಲ್ಲಿದೆ? ಹಾಗಾಗಿ ಒಂದು ದಾರಿ ಹೀಗಿದೆ: ಫೋನು ಟವರಿನ ಮಾತು ಕೇಳುವುದು ಮೇಲಿನ ತರಂಗದಲ್ಲಿ, ಉತ್ತರ ಕೊಡುವುದು ದೂರ ಹೋಗಬಲ್ಲ 700 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗದಲ್ಲಿ. ಇಂಥ ಏರ್ಪಾಡಿಗೆ 5ಜಿಯಲ್ಲೇ ಅವಕಾಶ ಇದೆ.