ಸಜ್ಜಾ ಎಷ್ಟು ಮುಂದೆ ಬರಬೇಕು? ಮೈಸೂರಿನ ಬಿಸಿಲಿನ ಲೆಕ್ಕ, ನಾನು ಎಡವಿದ ಜಾಗದ ಸಮೇತ

ಕಳೆದ ವಾರದ ಆರ್ಕಿಟೆಕ್ಚರ್ ಜ್ಯೂರಿಯಲ್ಲಿ, ಅಂದರೆ ನಮ್ಮ ವಿನ್ಯಾಸಗಳನ್ನು ಪರೀಕ್ಷಕರು ನೋಡುವಾಗ, ನನ್ನ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಎರಡೇ ಪದ ಬಿತ್ತು: ‘ಜಾಗ ಎಲ್ಲಿ?’

ಕೊಟ್ಟಿದ್ದು ಕುವೆಂಪುನಗರದಲ್ಲಿ ಒಂದು ಸಣ್ಣ ಲೈಬ್ರರಿ. ಎರಡು ಮಹಡಿ. ಪಶ್ಚಿಮಕ್ಕೆ ರಸ್ತೆ, ರಸ್ತೆ ಬದಿಗೆ ಎರಡು ಹೊಂಗೆ ಮರ. ಸುತ್ತಲಿನ ಜೊತೆ ಕಟ್ಟಡ ಹೊಂದಬೇಕು ಅಂತ ಪ್ರಶ್ನೆಯಲ್ಲೇ ಬರೆದಿತ್ತು. ನಾನು ಮುಂಭಾಗಕ್ಕೆ ಮೂರು ಕಮಾನು ಬಿಡಿಸಿ, ಮೇಲೆ ಪುಟ್ಟ ಗುಮ್ಮಟ ಕೂರಿಸಿದ್ದೆ. ಮೈಸೂರು ಅಂದ್ರೆ ಗುಮ್ಮಟ ಅಲ್ವಾ!

ಮನೆಗೆ ಬಂದು ಯೋಚಿಸಿದರೆ ನನ್ನ ತಪ್ಪು ಕಾಣಿಸಿತು. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಈಗಿನದನ್ನು ವಿನ್ಯಾಸ ಮಾಡಿದವರು ಹೆನ್ರಿ ಇರ್ವಿನ್. ಅದು ಮುಗಿದಿದ್ದು 1912ರಲ್ಲಿ. ಅದಕ್ಕೂ ಮೊದಲು ಶಿಮ್ಲಾದ ವೈಸ್‌ರಾಯ್ ಬಂಗಲೆ ಮಾಡಿದವರೂ ಅವರೇ, ಅಲ್ಲಿ ಇಂಗ್ಲೆಂಡಿನ ಹಳೆಯ ಬಂಗಲೆಗಳ ಶೈಲಿ. ಅಂದರೆ ಗುಮ್ಮಟ ಮೈಸೂರಿನ ಮಣ್ಣಿನಿಂದ ಎದ್ದು ಬಂದದ್ದೇನಲ್ಲ, ಕಟ್ಟಿಸಿದವರೂ ಕಟ್ಟಿದವರೂ ಆ ಕಾಲದಲ್ಲಿ ಮಾಡಿದ ಆಯ್ಕೆ. ಅರಮನೆಯಲ್ಲಿ ಜಾಗಕ್ಕೆ ಸಂಬಂಧಪಟ್ಟದ್ದು ಬೇರೆಯೇ ಇದೆ. ಅದು ಪೂರ್ವಕ್ಕೆ ಮುಖ ಮಾಡಿದೆ. ದೊಡ್ಡ ದರ್ಬಾರು ಹಾಲ್‌ಗೆ ಮುಂದುಗಡೆ ಗೋಡೆಯೇ ಇಲ್ಲ, ಮೈದಾನಕ್ಕೆ ತೆರೆದುಕೊಂಡಿದೆ. ನಾನು ನಕಲು ಮಾಡಿದ್ದು ಟೋಪಿಯನ್ನು ಮಾತ್ರ.

ಇನ್ನೊಂದು ಉದಾಹರಣೆ ನನ್ನ ತಲೆ ತಿರುಗಿಸಿತು. ಮುಂಬೈಯ ಕಾಂಚನಜುಂಗಾ ಅಪಾರ್ಟ್‌ಮೆಂಟ್, ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರದ್ದು, 1983. ಅಲ್ಲಿ ಸಮುದ್ರದ ನೋಟ ಪಶ್ಚಿಮಕ್ಕೆ, ಗಾಳಿಯೂ ಪಶ್ಚಿಮದಿಂದ. ಆದರೆ ಸಂಜೆ ಬಿಸಿಲು, ಮುಂಗಾರು ಮಳೆ ಹೊಡೆಯುವುದೂ ಅದೇ ಕಡೆಯಿಂದ. ಬೇಕಾದದ್ದೂ ಬೇಡವಾದದ್ದೂ ಒಂದೇ ದಿಕ್ಕು! ಕೊರಿಯಾ ಹಳೆಯ ಬಂಗಲೆಗಳ ವರಾಂಡವನ್ನು ಎತ್ತಿಕೊಂಡು ಹೋಗಿ, 32 ಮನೆಗಳ ಆ ಗೋಪುರದ ಮೂಲೆಗಳಲ್ಲಿ ಎರಡು ಮಹಡಿ ಎತ್ತರದ ತೆರೆದ ತೋಟಗಳನ್ನಾಗಿ ಕೂರಿಸಿದರು. ಹೊರಗಿಂದ ನೋಡಿದರೆ ಯಾವ ಹಳೆಯ ಬಂಗಲೆಯ ತರಹವೂ ಇಲ್ಲ. ಆದರೂ ಕೆಲಸ ಅದೇ.

ನನ್ನ ಸೈಟಿಗೂ ರಸ್ತೆ, ಮರ, ಮುಂಗಾರು ಗಾಳಿ, ಸಂಜೆ ಬಿಸಿಲು ಎಲ್ಲ ಪಶ್ಚಿಮಕ್ಕೇ. ಹಾಗಾಗಿ ಗುಮ್ಮಟ ಅಳಿಸಿ ಬಿಸಿಲಿನ ಲೆಕ್ಕದಿಂದ ಶುರು ಮಾಡಿದೆ. ಇಳಿಜಾರು, ಚರಂಡಿ, ಸೆಟ್‌ಬ್ಯಾಕ್ (ಸೈಟಿನ ಅಂಚಿನಿಂದ ಬಿಡುವ ಜಾಗ) ಎಲ್ಲ ನಿಮಗೆ ಗೊತ್ತಿರುತ್ತದೆ, ಬಿಡುತ್ತೇನೆ.

ಮಧ್ಯಾಹ್ನದ ಲೆಕ್ಕ ಸುಲಭ

ಮೈಸೂರಿನ ಅಕ್ಷಾಂಶ 12.3 ಡಿಗ್ರಿ ಉತ್ತರ. ಸೂರ್ಯ ದಕ್ಷಿಣಕ್ಕೆ 23.4 ಡಿಗ್ರಿಯಿಂದ ಉತ್ತರಕ್ಕೆ 23.4 ಡಿಗ್ರಿವರೆಗೆ ಓಡಾಡುತ್ತಾನೆ. ಎರಡರ ವ್ಯತ್ಯಾಸವನ್ನು (ದಕ್ಷಿಣದ ಡಿಗ್ರಿಯನ್ನು ಮೈನಸ್ ಅಂತ ಹಿಡಿದು) 90ರಿಂದ ಕಳೆದರೆ ನಡು ಮಧ್ಯಾಹ್ನ ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಅಂತ ಸಿಗುತ್ತದೆ. ಡಿಸೆಂಬರ್ 21ಕ್ಕೆ 54.3 ಡಿಗ್ರಿ, ದಕ್ಷಿಣದ ಕಡೆ. ಜೂನ್ 21ಕ್ಕೆ 78.9 ಡಿಗ್ರಿ, ಉತ್ತರದ ಕಡೆ.

ಹೌದು, ಉತ್ತರ. ಏಪ್ರಿಲ್ 22–23ರ ಸುಮಾರಿಗೆ ಸೂರ್ಯ ನಮ್ಮ ನೆತ್ತಿಯ ಮೇಲೆ ಬಂದು ಉತ್ತರಕ್ಕೆ ದಾಟುತ್ತಾನೆ. ಮತ್ತೆ ವಾಪಸ್ ಬರುವುದು ಆಗಸ್ಟ್ 20ರ ಆಸುಪಾಸು. ಈ ನಾಲ್ಕು ತಿಂಗಳು ಮಧ್ಯಾಹ್ನದ ಬಿಸಿಲು ಉತ್ತರದ ಗೋಡೆಗೆ ಬೀಳುತ್ತದೆ. ‘ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ’ ಅನ್ನುವ ಪಾಠ ಯುರೋಪಿನದ್ದು. ಅದನ್ನು ಹಾಗೇ ಬಾಯಿಪಾಠ ಮಾಡಬೇಡಿ.

ನನ್ನ ಕಿಟಕಿ 1.2 ಮೀಟರ್ ಅಗಲ. ಸಜ್ಜಾದ ತಳದಿಂದ ಕಿಟಕಿಯ ಕೆಳಗಿನ ಅಂಚಿಗೆ 1.5 ಮೀಟರ್. ಈ ಎತ್ತರವನ್ನು ಕೋನದ ಟ್ಯಾನ್‌ನಿಂದ ಭಾಗಿಸಿದರೆ ಸಜ್ಜಾ ಎಷ್ಟು ಮುಂದೆ ಬರಬೇಕು ಅಂತ ಗೊತ್ತಾಗುತ್ತದೆ. ದಕ್ಷಿಣಕ್ಕೆ ಡಿಸೆಂಬರ್ ಮಧ್ಯಾಹ್ನಕ್ಕೆ 1.08 ಮೀಟರ್. ಉತ್ತರಕ್ಕೆ ಜೂನ್ ಮಧ್ಯಾಹ್ನಕ್ಕೆ ಬರೀ 0.3 ಮೀಟರ್. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಯಾಕೆ ಹೇಳುತ್ತಿದ್ದೇನೆ ಅಂತ ಕೇಳಬೇಡಿ.

ನಾನು ಬಿದ್ದಿದ್ದು ಇಲ್ಲಿ: ಮೂರು ಗಂಟೆಯ ಬಿಸಿಲು

ಡಿಸೆಂಬರ್ 21, ಸೌರ ಸಮಯ (ಸೂರ್ಯ ಅತಿ ಎತ್ತರಕ್ಕೆ ಬಂದಾಗ 12 ಅಂತ ಎಣಿಸುವ ಸಮಯ) ಮಧ್ಯಾಹ್ನ 3 ಗಂಟೆ. ಸೂರ್ಯನ ಎತ್ತರ 33.3 ಡಿಗ್ರಿ. ನಾನು ಅದೇ ಸೂತ್ರ ಹಾಕಿದೆ. 1.5 ಭಾಗಿಸು ಟ್ಯಾನ್ 33.3. ಬಂದದ್ದು 2.28 ಮೀಟರ್! ದಕ್ಷಿಣದ ಗೋಡೆಯಿಂದ ಏಳೂವರೆ ಅಡಿ ಸಜ್ಜಾ. ಅದನ್ನು ಸೆಕ್ಷನ್‌ನಲ್ಲಿ, ಅಂದರೆ ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದ ಹಾಗೆ ತೋರಿಸುವ ಚಿತ್ರದಲ್ಲಿ, ಬಿಡಿಸಿಯೂ ಬಿಟ್ಟೆ. ನೋಡಿದ ಸ್ನೇಹಿತ ‘ಇದು ಲೈಬ್ರರಿನೋ ಬಸ್ ಸ್ಟ್ಯಾಂಡೋ’ ಅಂದ.

ತಪ್ಪು ಸೂತ್ರದ್ದಲ್ಲ, ಕೋನದ್ದು. ಮಧ್ಯಾಹ್ನ ಸೂರ್ಯ ದಕ್ಷಿಣದ ಗೋಡೆಗೆ ನೇರ ಎದುರಿಗಿರುತ್ತಾನೆ. ಮೂರು ಗಂಟೆಗೆ ಪಕ್ಕಕ್ಕೆ ಸರಿದಿರುತ್ತಾನೆ, ದಕ್ಷಿಣದಿಂದ ಪಶ್ಚಿಮದ ಕಡೆ 50.9 ಡಿಗ್ರಿ. ಆದ್ದರಿಂದ ಕಿರಣ ಗೋಡೆಗೆ ಓರೆಯಾಗಿ ಬರುತ್ತದೆ.

ಈಗ ದೇವರಾಜ ಅರಸು ರಸ್ತೆ ದಾಟುವುದನ್ನು ನೆನೆಸಿಕೊಳ್ಳಿ. ನೇರ ದಾಟಿದರೆ ರಸ್ತೆಯ ಅಗಲದಷ್ಟೇ ನಡೆಯುತ್ತೀರಿ. ಎದುರು ಸಾಲಿನಲ್ಲಿ ನಾಲ್ಕು ಅಂಗಡಿ ಆಚೆಗೆ ಗುರಿಯಿಟ್ಟು ಓರೆಯಾಗಿ ದಾಟಿದರೆ ಜಾಸ್ತಿ ನಡೆಯಬೇಕು. ರಸ್ತೆ ಅಗಲವಾಗಲಿಲ್ಲ, ನಿಮ್ಮ ದಾರಿ ಉದ್ದವಾಯಿತು. ಸಜ್ಜಾದ ಕೆಳಗೆ ಕಿರಣಕ್ಕೂ ಇದೇ ಕಥೆ. ಸಜ್ಜಾ 0.6 ಮೀಟರ್ ಇದ್ದರೆ, ಅದರ ಅಂಚಿನಿಂದ ಗೋಡೆ ಮುಟ್ಟಲು ಓರೆ ಕಿರಣ ಅಡ್ಡಡ್ಡ ಸಾಗುವ ದೂರ 0.6 ಅಲ್ಲ. 0.6 ಭಾಗಿಸು ಕಾಸ್ 50.9, ಅಂದರೆ 0.95 ಮೀಟರ್. ಅಷ್ಟು ದೂರ ಸಾಗುವಷ್ಟರಲ್ಲಿ ಕಿರಣ ಜಾಸ್ತಿ ಕೆಳಗಿಳಿದಿರುತ್ತದೆ: 0.95 ಗುಣಿಸು ಟ್ಯಾನ್ 33.3, ಸುಮಾರು 0.63 ಮೀಟರ್. ನನ್ನ ತಪ್ಪು ಲೆಕ್ಕದಲ್ಲಿ ನೆರಳು ಬರೀ 0.39 ಮೀಟರ್ ಬರುತ್ತಿತ್ತು.

ಇದನ್ನೇ ಪುಸ್ತಕಗಳಲ್ಲಿ ವರ್ಟಿಕಲ್ ಶ್ಯಾಡೋ ಆಂಗಲ್ ಅನ್ನುತ್ತಾರೆ. ನಾನು ಇದನ್ನು ‘ಸೆಕ್ಷನ್ ಕೋನ’ ಅಂತ ಕರೆದುಕೊಂಡಿದ್ದೇನೆ, ಸೆಕ್ಷನ್‌ನಲ್ಲಿ ಬಿಡಿಸಬೇಕಾದ ಕೋನ ಇದೇ ಆದ್ದರಿಂದ. ಸೂರ್ಯನ ಎತ್ತರದ ಟ್ಯಾನ್ ಅನ್ನು ಪಕ್ಕಕ್ಕೆ ಸರಿದ ಕೋನದ ಕಾಸ್‌ನಿಂದ ಭಾಗಿಸಿದರೆ ಸೆಕ್ಷನ್ ಕೋನದ ಟ್ಯಾನ್. ಇಲ್ಲಿ 33.3 ಡಿಗ್ರಿ ಇದ್ದದ್ದು 46.2 ಡಿಗ್ರಿ ಆಗುತ್ತದೆ. ಬೇಕಾದ ಸಜ್ಜಾ 2.28 ಅಲ್ಲ, 1.44 ಮೀಟರ್. ಸೂರ್ಯ ನೇರ ಎದುರಿಗಿದ್ದರೆ ಪಕ್ಕದ ಕೋನ ಸೊನ್ನೆ, ಕಾಸ್ 1. ಹಾಗಾಗಿ ಮಧ್ಯಾಹ್ನ ನನ್ನ ತಪ್ಪು ಲೆಕ್ಕವೂ ಸರಿ ಉತ್ತರ ಕೊಡುತ್ತಿತ್ತು. ಅದಕ್ಕೇ ನನಗೆ ಅನುಮಾನವೇ ಬರಲಿಲ್ಲ.

ಇದರ ಬಾಲವೊಂದಿದೆ. ಓರೆ ಕಿರಣ ನೆರಳನ್ನು ಪಕ್ಕಕ್ಕೂ ತಳ್ಳುತ್ತದೆ. 0.6 ಗುಣಿಸು ಟ್ಯಾನ್ 50.9, ಸುಮಾರು 0.74 ಮೀಟರ್. ಕಿಟಕಿ 1.2 ಮೀಟರ್ ಅಗಲ, ಸಜ್ಜಾವೂ ಅಷ್ಟೇ ಅಗಲ ಅಂದರೆ ಮೂರು ಗಂಟೆಗೆ ನೆರಳಿನ ಅರ್ಧಕ್ಕಿಂತ ಜಾಸ್ತಿ ಕಿಟಕಿ ಬಿಟ್ಟು ಪಕ್ಕದ ಗೋಡೆಯ ಮೇಲೆ ಬಿದ್ದಿರುತ್ತದೆ. ಸರಸ್ವತಿಪುರಂ ಕಡೆ ಹಳೆಯ ಮನೆಗಳಲ್ಲಿ ಕಿಟಕಿಗೊಂದು ಪುಟ್ಟ ಸಜ್ಜಾದ ಬದಲು ಗೋಡೆಯುದ್ದಕ್ಕೂ ಒಂದೇ ಸಜ್ಜಾ ಓಡಿಸಿರುವುದನ್ನು ನೋಡಿದ್ದೆ. ಸುಮ್ನೆ ಅಂದಕ್ಕೆ ಅಂದುಕೊಂಡಿದ್ದೆ. ಈ 0.74 ಕಂಡ ಮೇಲೆ ಅದರ ಉಪಯೋಗ ಗೊತ್ತಾಯಿತು.

ಉತ್ತರದ ಗೋಡೆಗೆ ಇದೇ ವಿಷಯ ಇನ್ನೂ ಅತಿ. ಜೂನ್ 21ರ ಸಂಜೆ 4ಕ್ಕೆ ಸೂರ್ಯ ಉತ್ತರದಿಂದ ಸುಮಾರು 70 ಡಿಗ್ರಿ ಪಕ್ಕಕ್ಕಿರುತ್ತಾನೆ. 0.6 ಮೀಟರ್ ಸಜ್ಜಾದ ನೆರಳು 1.64 ಮೀಟರ್ ಪಕ್ಕಕ್ಕೆ ಹೋಗಿಬಿಡುತ್ತದೆ. ಇಲ್ಲಿ ಸಜ್ಜಾ ಅಲ್ಲ, ಕಿಟಕಿಯ ಪಶ್ಚಿಮದ ಅಂಚಿಗೆ ನಿಂತ ಪಟ್ಟಿ ಬೇಕು. 0.6 ಮೀಟರ್ ಮುಂದೆ ಬಂದ ಒಂದು ನಿಂತ ಪಟ್ಟಿ 1.64 ಮೀಟರ್ ಅಗಲಕ್ಕೆ ನೆರಳು ಕೊಡುತ್ತದೆ. ನನ್ನ 1.2 ಮೀಟರ್ ಕಿಟಕಿ ಪೂರ್ತಿ ಮುಚ್ಚಿತು. ಬೆಳಗಿನ ಬಿಸಿಲಿಗೆ ಪೂರ್ವದ ಅಂಚಿಗೂ ಒಂದು. ಓದುವ ಮೇಜುಗಳನ್ನೆಲ್ಲ ಉತ್ತರಕ್ಕೆ ಹಾಕಿದ್ದೇನೆ.

ದಕ್ಷಿಣಕ್ಕೆ 1.44 ಬೇಡ ಅನ್ನಿಸಿತು. ಡಿಸೆಂಬರಿನ ಮೂರು ಗಂಟೆಯ ಬಿಸಿಲು ಮೈಸೂರಿನಲ್ಲಿ ಯಾರಿಗೆ ಬೇಡ? ಅಲ್ಲಿ 0.6 ಮೀಟರ್ ಮುಂದೆ ಬಂದು ಗೋಡೆಯುದ್ದಕ್ಕೂ ಓಡುವ ಸಜ್ಜಾ, ಕಪಾಟು ಮಾತ್ರ ಕಿಟಕಿಯಿಂದ ದೂರ.

ಪಶ್ಚಿಮ: ಸಜ್ಜಾ ಸೋಲುವ ದಿಕ್ಕು

ಏಪ್ರಿಲ್ 22ರ ಸೆಕೆಯಲ್ಲಿ ಸಂಜೆ 4ಕ್ಕೆ ಸೂರ್ಯ 31.5 ಡಿಗ್ರಿ ಎತ್ತರ, ಪಶ್ಚಿಮದ ಗೋಡೆಗೆ ಹೆಚ್ಚುಕಮ್ಮಿ ನೇರ ಎದುರು. 1.5 ಮೀಟರ್ ಕಿಟಕಿಗೆ 2.43 ಮೀಟರ್ ಸಜ್ಜಾ ಬೇಕು. 5 ಗಂಟೆಗೆ 4.84 ಮೀಟರ್. ಅಂದರೆ ಆಗಲ್ಲ. ಮರ ಅಥವಾ ವರಾಂಡ ಅಷ್ಟೇ ದಾರಿ ಅಂದುಕೊಂಡೆ. ಹೊಂಗೆ ಮರಗಳು ಯುಗಾದಿ ಹೊತ್ತಿಗೆ ಚಿಗುರುವುದು ಅದೃಷ್ಟ, ಆದರೆ ಎರಡೇ ಇವೆ, ಗೋಡೆ ಉದ್ದ ಇದೆ.

ಆಮೇಲೆ ಹೊಳೆದದ್ದು, ಬೇಕಾದದ್ದು 2.43 ಅನ್ನುವ ಅಳತೆಯಲ್ಲ. ಅದೊಂದು ಅನುಪಾತ. ತೂತು ಎಷ್ಟು ಎತ್ತರವೋ ಅದರ 1.62 ಪಟ್ಟು ಆಳ ಇದ್ದರೆ ನಾಲ್ಕು ಗಂಟೆಯ ಬಿಸಿಲು ನೇರ ಒಳಗೆ ಬರಲ್ಲ. ತೂತು 1.5 ಮೀಟರೇ ಇರಬೇಕಾ? 10 ಸೆಂಟಿಮೀಟರ್ ತೂತಿಗೆ 16 ಸೆಂಟಿಮೀಟರ್ ಆಳ ಸಾಕು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ದಪ್ಪವೇ 23! ಐದು ಗಂಟೆಗೆ ಅನುಪಾತ 3.23. ತೂತನ್ನು 7 ಸೆಂಟಿಮೀಟರ್‌ಗೆ ಇಳಿಸಿದರೆ ಬೇಕಾದ ಆಳ 22.6. ಅದೂ ಗೋಡೆಯೊಳಗೇ ಆಗಿಹೋಯಿತು.

ಇದು ಇಟ್ಟಿಗೆ ಜಾಲಿ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಮನೆಮನೆಗೆ ಮಾಡಿದ್ದು ಇದನ್ನೇ. ಚಿತ್ರಗಳಲ್ಲಿ ನೋಡಿ ಅಲಂಕಾರ ಅಂದುಕೊಂಡಿದ್ದೆ. ದೊಡ್ಡ ಸಜ್ಜಾವನ್ನು ನೂರು ಚೂರು ಮಾಡಿ ಗೋಡೆಯಲ್ಲಿ ತುಂಬಿದ ಹಾಗೆ ಅದು. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬರುತ್ತದೆ, ಅದೂ ಒಳಗೆ ಬರುತ್ತದೆ. ಇರಚಲು ಮಳೆಯೂ ಬರುತ್ತದೆ ಅನ್ನುವುದು ನಿಜ. ಅದಕ್ಕೇ ಜಾಲಿಯ ಹಿಂದೆ ಮೆಟ್ಟಿಲು, ಚಪ್ಪಲಿ ಬಿಡುವ ಜಾಗ, ಟಾಯ್ಲೆಟ್ ಇಟ್ಟೆ. ಪುಸ್ತಕ ಒಂದೂ ಇಲ್ಲ. ಬಾಗಿಲು ಹೊಂಗೆ ಮರಗಳ ನಡುವೆ, ಪಕ್ಕಕ್ಕೆ ಒಂದು ಜಗಲಿ. ಸುತ್ತಮುತ್ತ ಈಚೆಗೆ ಎದ್ದಿರುವ ಗಾಜಿನ ಮುಖದ ಅಂಗಡಿಗಳು ಪಶ್ಚಿಮಕ್ಕೇ ನಿಂತು ಸಂಜೆಯೆಲ್ಲ ಎಸಿ ಓಡಿಸುತ್ತವೆ. ಅವುಗಳ ಪಕ್ಕ ನನ್ನ ಗೋಡೆ ಮಂಕಾಗಿ ಕಾಣುತ್ತದೆ, ಪರವಾಗಿಲ್ಲ.

ಗಡಿಯಾರದ ಗೊಂದಲ

ಮೇಲಿನ ಗಂಟೆಗಳೆಲ್ಲ ಸೌರ ಸಮಯ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶಕ್ಕೆ. ಮೈಸೂರು 76.65ರಲ್ಲಿದೆ. ಡಿಗ್ರಿಗೆ 4 ನಿಮಿಷದಂತೆ 23 ನಿಮಿಷ ತಡ. ಇದರ ಮೇಲೆ ತಿಂಗಳಿಗೆ ತಕ್ಕ ಸಣ್ಣ ತಿದ್ದುಪಡಿ ಇರುತ್ತದೆ, ಆಗಸ್ಟ್ 20ರ ಹೊತ್ತಿಗೆ ಇನ್ನೂ ಸುಮಾರು ಮೂರೂವರೆ ನಿಮಿಷ. ಅಂದರೆ ಸೌರ 5 ಗಂಟೆ ಗಡಿಯಾರದಲ್ಲಿ 5.27.

ಆಗಸ್ಟ್ 20ರ ಸೂರ್ಯನೂ ಏಪ್ರಿಲ್ 22ರ ಸೂರ್ಯನೂ ಒಂದೇ ದಾರಿ. ಹಾಗಾಗಿ ಏಪ್ರಿಲ್‌ವರೆಗೆ ಕಾಯಬೇಕಿಲ್ಲ. ರಟ್ಟು ಅಂಟಿಸಿ 23 ಮಿಲಿಮೀಟರ್ ದಪ್ಪದ ಜಾಲಿ ಮಾಡಿ, 7 ಮಿಲಿಮೀಟರ್ ತೂತು ಕೊರೆದು, ನಿನ್ನೆ ತಾರಸಿಯ ಮೇಲೆ ಪಶ್ಚಿಮಕ್ಕೆ ಮುಖ ಮಾಡಿ ಇಟ್ಟೆ. ಅರ್ಧ ಗಂಟೆ ಮೋಡ. 5.20ಕ್ಕೆ ಬಿಸಿಲು ಬಂತು, ಹಿಂದಿನ ಬಿಳಿ ಹಾಳೆಯ ಮೇಲೆ ಒಂದು ಚುಕ್ಕೆಯೂ ಇಲ್ಲ. 5.35ಕ್ಕೆ ನೋಡಿದರೆ ಪ್ರತಿ ತೂತಿನ ಹಿಂದೆಯೂ ಉಗುರಿನ ಅಂಚಿನಷ್ಟು ತೆಳ್ಳಗಿನ ಬೆಳಕಿನ ಗೆರೆ.